ಕಸ್ಟಮ್ ರಿಕರ್ವ್ ಬಿಲ್ಲು ಮಾಡಸಬೇಕಂತ ಮಾಡೇನಿ: ಒಂದ ತುಂಡಿಂದೋ, ಮೂರ ತುಂಡಿಂದೋ, ಐಎಲ್‌ಎಫ್‌ದೋ?

ಸಾಧನಕೇರಿ_ಬಾಣ

ಎಲ್ಲಾರಿಗೂ ನಮಸ್ಕಾರ್ರಿ. ನಾ ರಿಕರ್ವ್ (ತುದಿ ಮುಂದಕ್ಕ ಬಾಗಿದ ಬಿಲ್ಲು) ಹೊಡಿಯಾಕ ಹತ್ತಿ ಮೂರು ವರ್ಷ ಆತು. 62 ಇಂಚಿನ ಸಾದಾ, ಬಿಚ್ಚಿ ಜೋಡಸೂ ಟೇಕ್‌ಡೌನ್ ಬಿಲ್ಲು, ಮೊದಲ 30 ಪೌಂಡಿನ ಲಿಂಬ್ (ಬಿಲ್ಲಿನ ಬಾಗೂ ತೋಳು) ಇದ್ವು, ಈಗ 35 ಹಾಕ್ಕೊಂಡೇನಿ. ಸೈಟ್ ಇಲ್ಲ ಸ್ಟೆಬಿಲೈಸರ್ ಇಲ್ಲ, ಬರೇ ಬಿಲ್ಲು. ದಿನಾ ಮುಂಜಾನೆ ಹಿತ್ತಲದಾಗ 12 ಮೀಟರಿಂದ 60 ಬಾಣ, ರವಿವಾರಕ್ಕೊಮ್ಮೆ ನವಲೂರ ಕಡೆ ಗೆಳ್ಯಾನ ಪ್ಯಾರಲ ತ್ವಾಟದಾಗ 30 ಮೀಟರ ತನಕ. ಅಲ್ಲಿ ಹಿಂದ ಆಳೆತ್ತರದ ಮಣ್ಣಿನ ಒಡ್ಡು ಐತಿ, ಬಾಣ ತಪ್ಪಿದ್ರೂ ಒಡ್ಡಿಗೆ ಹೋಗಿ ನಾಟತೈತಿ, ಯಾರಿಗೂ ಭಯ ಇಲ್ಲ.

ಈಗ ಒಂದು ಜೀವಮಾನದ ಬಿಲ್ಲು ಮಾಡಸಬೇಕು ಅಂತ ಮನಸ್ಸಾಗೈತಿ. ಎರಡು ವರ್ಷದಿಂದ ರೊಕ್ಕ ಕೂಡಿಡಾಕ ಹತ್ತೇನಿ. ಮೂರು ದಾರಿ ಕಾಣಾಕತ್ತಾವ. ಒಂದು, ಅಮೆರಿಕಾದ ಮಿಸೌರಿ ರಾಜ್ಯದ ಬ್ಲ್ಯಾಕ್ ವಿಡೋ ಥರದವರು ಮಾಡೂ ಮೂರು ತುಂಡಿನ ಕಸ್ಟಮ್ ಬಿಲ್ಲು, ಬಿಚ್ಚಿ ಚೀಲದಾಗ ಹಾಕಬಹುದು, ಸಾವಿರ ಡಾಲರ್ ಮೀರತೈತಿ. ಎರಡು, ಬೇರ್ ಗ್ರಿಜ್ಲಿ ಇಲ್ಲಾ ಕೊಡಿಯಾಕ್ ಥರದ್ದು, ಒಂದ ತುಂಡಿನ ಬಿಲ್ಲು, ಅದು ಕಸ್ಟಮ್ ಅಲ್ಲ ಖರೆ, ಆದ್ರ ಅದರ ರೂಪ ನೋಡಿದ್ರ ಕಣ್ಣು ತೆಗಿಯಾಕ ಆಗೂದಿಲ್ಲ. ಮೂರು, ಐಎಲ್‌ಎಫ್ (ಯಾವ ಕಂಪನಿ ಲಿಂಬ್ ಆದ್ರೂ ಕೂಡೂ ಜೋಡಣಿ) ಕಟ್ಟಿಗಿ ರೈಸರ್, ಅಂದ್ರ ನಡುವಿನ ಹಿಡಿ ಭಾಗ, ನನ್ನ ಕೈ ಅಳತಿಗೆ ಮಾಡಿಸಿ ಅದಕ್ಕ ಬೇಕಾದ ಲಿಂಬ್ ಹಾಕ್ಕೊಳ್ಳೂದು. ಎಳಿಯೂ ತೂಕ 50 ಪೌಂಡ್ ಅಂತ ಅನ್ಕೊಂಡೇನಿ, ಯಾಕಂದ್ರ ಬ್ಯಾಟಿ ಬಿಲ್ಲು ಹೋಲಿಸೂ ವಿಡಿಯೋದಾಗೆಲ್ಲ 45, 50 ಅಂತನ ಹೇಳ್ತಾರ. ನಾ ಬ್ಯಾಟಿ ಆಡಂವ ಅಲ್ರಿ, ಆದ್ರ ಆ ಗಟ್ಟಿತನ, ಆ ಶಾಂತ ಸಪ್ಪಳ ನನ್ನ ಬಿಲ್ಲಿಗೂ ಬೇಕು. ಹೊಡದು ನೋಡಿದವರು ಬಿಚ್ಚಿ ಹೇಳ್ರಿ.

ಉಣಕಲ್_ಅಕ್ಕ

ತಮ್ಮಾ, ಬಿಲ್ಲಿನ ಹೆಸರು ಮೂರು ಹೇಳಿದಿ, ನಿನ್ನ ಡ್ರಾ ಲೆಂಗ್ತ್, ಅಂದ್ರ ಹೆದಿ ಎಳಿಯೂ ಉದ್ದ, ಎಷ್ಟು ಅಂತ ಹೇಳಲಿಲ್ಲ. ನಾ ಶಾಲಿ ಮಕ್ಕಳಿಗೆ ಹದಿನಾಲ್ಕು ವರ್ಷದಿಂದ ಕಲಸ್ಲಿಕತ್ತೇನಿ, ದೊಡ್ಡವರು ಬಂದ್ರೂ ಮೊದಲ ಇದನ್ನ ಕೇಳ್ತೇನಿ. ಬಿಲ್ಲಿನ ಮ್ಯಾಲ 45 ಅಂತ ಬರದಿರೂದು 28 ಇಂಚಿಗೆ ಎಳದಾಗ ಬರೂ ತೂಕ, ನೀ 26 ಎಳದ್ರ ಅದು 40 ಆಗ್ತದ, 30 ಎಳದ್ರ 50 ದಾಟ್ತದ. ಈ ತೂಕದ ಬಿಲ್ಲಿಗೆ ಒಂದು ಇಂಚಿಗೆ ಎರಡೂವರಿ ಪೌಂಡ್ ಹೆಚ್ಚುಕಮ್ಮಿ. ಕಸ್ಟಮ್ ಮಾಡೂ ಮನಷ್ಯಾ ನಿನ್ನ ಇಂಚಿಗೆ ತೂಕ ಕೂಡಿಸಿ ಕೊಡ್ತಾನ, ಅದಕ್ಕನ ಅಲ್ಲೇನು ಅಷ್ಟು ರೊಕ್ಕ ಕೊಡೂದು? ತಪ್ಪು ಇಂಚು ಬರದ್ರ ಆ ರೊಕ್ಕಾ ಎಲ್ಲಾ ನೀರಾಗ.

ಅಳಿಯೂದು ಹೆಂಗಂದ್ರ, ಉದ್ದನ್ನ ಬಾಣ ಹಾಕಿ ಹಗರ ಬಿಲ್ಲು ಎಳಿ, ಯಾವಾಗಿನಂಗ ಬೆರಳು ಬಾಯಿ ಮೂಲಿಗೆ ಬಂದು ಕೂಡಲಿ. ಬಾಜೂಕ ನಿಂತವ್ರು ಗ್ರಿಪ್ಪಿನ ಆಳವಾದ ತಗ್ಗಿನ ನೇರಕ್ಕ ಬಾಣದ ಮ್ಯಾಲ ಪೆನ್ನಿನ ಗುರ್ತು ಹಾಕಬೇಕು. ಆಮ್ಯಾಲ ನಾಕಿನ (ಬಾಣದ ಹಿಂದಿನ ತುದಿ) ಹೆದಿ ಕೂಡೂ ತಗ್ಗಿನಿಂದ ಆ ಗುರ್ತಿನ ತನಕ ಅಳದು ಒಂದೂ ಮುಕ್ಕಾಲು ಇಂಚು ಕೂಡಸು. ಒಂದ ಸಲ ಅಳದು ಬಿಡಬ್ಯಾಡ. 40 ಬಾಣ ಹೊಡದು ದಣದ ಮ್ಯಾಲ ಮತ್ತ ಅಳಿ, ಅದು ನಿನ್ನ ಖರೇ ಅಳತಿ.

ಮತ್ತ 50 ಎದಕ್ಕ?

ಗೋಕುಲರೋಡ್_ಎಂಜಿನಿಯರ್

ಅಕ್ಕಾರು ಕೇಳಿದ್ದಕ್ಕ ನಾ ಒಂದೀಟು ಹೇಳ್ತೀನ್ರಿ. ಕೆಲಸದ ಮ್ಯಾಲ ನಾಲ್ಕು ವರ್ಷ ಮಿಶಿಗನ್‌ದಾಗ ಇದ್ದೆ, ಬಿಲ್ಲಿನ ಹುಚ್ಚು ಹತ್ತಿದ್ದು ಅಲ್ಲೇ. ಫ್ರೆಡ್ ಬೇರ್ ಅವರು 1933ರಾಗ ಡೆಟ್ರಾಯಿಟ್‌ದಾಗ ಶುರು ಮಾಡಿದ ಕಂಪನಿ 1947ರಾಗ ಅದ ರಾಜ್ಯದ ಗ್ರೇಲಿಂಗ್ ಊರಿಗೆ ಹೋತು, ಈಗ ಫ್ಲಾರಿಡಾದಾಗ ಐತಿ. ಆ ಕಡೆ ಮುದುಕರು ಗ್ರೇಲಿಂಗ್ ಕಾಲದ ಬಿಲ್ಲು ಅಂದ್ರ ಅಜ್ಜನ ಗಡಿಯಾರದಂಗ ಜೋಪಾನ ಮಾಡ್ತಾರ.

45, 50 ಪೌಂಡ್ ಯಾಕ ಹೇಳ್ತಾರ ಅಂದ್ರ ಅದು ಅಲ್ಲಿಯ ಬ್ಯಾಟಿ ಲೆಕ್ಕ. ಅಲ್ಲಿ ಲೈಸೆನ್ಸ್ ತಗೊಂಡು, ಸೀಜನ್ ನೋಡಿ ಜಿಂಕಿ ಹೊಡಿಯಾಕ ಕಾನೂನಿನ್ಯಾಗ ಅವಕಾಶ ಐತಿ, ಬಿಲ್ಲಿನ ಕನಿಷ್ಠ ತೂಕ ಕೆಲವು ರಾಜ್ಯದಾಗ 35 ಪೌಂಡ್, ಕೆಲವು ಕಡೆ 40. ಬಾಣ ಗುಂಡಿನಂಗ ಬಡದು ಕೆಡವೂದಲ್ಲ, ಬ್ಲೇಡಿನ ಮೊನಿ ಕೊಯ್ದು ಈಚೆ ಕಡೆಯಿಂದ ಆಚೆ ಕಡೆ ದಾಟಿ ಹೋಗಬೇಕು, ಇಲ್ಲಾಂದ್ರ ಪ್ರಾಣಿ ಗಾಯ ಆಗಿ ದಿನಗಟ್ಟಲೆ ನರಳಿ ಸಾಯತೈತಿ. ಅದಕ್ಕ ಭಾರದ ಬಾಣ, ಒಂದು ಪೌಂಡಿಗೆ 10 ಗ್ರೇನ್ ಲೆಕ್ಕ, ಅಂದ್ರ 45 ಪೌಂಡಿಗೆ 450 ಗ್ರೇನ್, ನಮ್ಮ ಲೆಕ್ಕದಾಗ 29 ಗ್ರಾಂ. ಅದು ಸೆಕೆಂಡಿಗೆ 180 ಅಡಿ ಸುಮಾರು ಹೋಗತೈತಿ, ತಾಸಿಗೆ 197 ಕಿಲೋಮೀಟರ್ ಆತು. ಇಷ್ಟೆಲ್ಲಾ ಇದ್ರೂ ನಮ್ಮ ಬಾಜೂ ಮನಿಯವರು 20 ಗಜದ ಮ್ಯಾಲ ಬಾಣ ಬಿಡ್ತಿರಲಿಲ್ಲ. ಒಂದು ವರ್ಷ ಅವರು ಚಳಿಯಾಗ ಹತ್ತೊಂಬತ್ತು ಮುಂಜಾನೆ ಮರದ ಮ್ಯಾಲ ಕುಂತು ಒಂದೂ ಬಾಣ ಬಿಡದನ ಇಳದು ಬಂದ್ರು. ಜಿಂಕಿ ಬಂದಿತ್ತು, ಆದ್ರ ಸರಿಯಾಗಿ ಬಾಜೂ ತಿರಗಲಿಲ್ಲ ಅಂತ. ಅವರ ಬಗ್ಗೆ ನನಗ ಇವತ್ತಿಗೂ ಗೌರವ ಐತಿ.

ನಮ್ಮ ಗುರಿ ಗೋಣಿಚೀಲ. ಗೋಣಿಚೀಲ ದಾಟಸಾಕ 50 ಪೌಂಡ್ ಎದಕ್ಕ ಬೇಕ್ರಿ? 30 ಮೀಟರಿಗೆ 38, 40 ಸಾಕು ಸಾಕಾಗಿ ಉಳಿತೈತಿ.

ರಾಣೇಬೆನ್ನೂರ_ಚಿಗರಿ

ಬ್ಯಾಟಿ ಅನ್ನೂ ಮಾತು ಬಂತಲ್ಲ, ಅದಕ್ಕ ಹೇಳೇ ಬಿಡ್ತೀನಿ, ಹೊಸಾ ಹುಡುಗ್ರು ಓದ್ತಾರ. ನಮ್ಮ ದೇಶದಾಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡುಪ್ರಾಣಿ ಬ್ಯಾಟಿ ನಿಷೇಧ. ಬಿಲ್ಲು ಆಗಲಿ ಬಂದೂಕ ಆಗಲಿ ಬಲಿ ಆಗಲಿ. ಹೊಡದ್ರ ಅಷ್ಟ ಅಲ್ಲ, ಹೊಡಿಯಾಕ ಪ್ರಯತ್ನ ಮಾಡಿದ್ರೂ, ಬೆನ್ನು ಹತ್ತಿ ಓಡಿಸಿದ್ರೂ ಕಾಯ್ದೆ ಕಣ್ಣಾಗ ಅದು ಬ್ಯಾಟಿನ. ನಮ್ಮ ಊರ ಬಾಜೂಕ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯ ಐತಿ, 1974ರಾಗ ಆಗಿದ್ದು. ಕೃಷ್ಣಮೃಗ ಮೊದಲನೇ ಪಟ್ಟಿಯಾಗಿನ ಪ್ರಾಣಿ, ಮೂರರಿಂದ ಏಳು ವರ್ಷ ಜೈಲು. ಗದಗ ಕಡೆ ಕಪ್ಪತಗುಡ್ಡಾನೂ 2019ರಿಂದ ಅಭಯಾರಣ್ಯ, ಅಲ್ಲಿ ಸುಮ್ನ ಬಿಲ್ಲು ಹೆಗಲಿಗೆ ಹಾಕ್ಕೊಂಡು ಅಡ್ಡಾಡಬ್ಯಾಡ್ರಿ, ಪ್ರಾಕ್ಟೀಸ್ ಅಂದ್ರೂ ಯಾರೂ ಕೇಳೂದಿಲ್ಲ. ಹಂದಿ ಗ್ವಾಂಜಾಳ ಹಾಳು ಮಾಡ್ತಾವ ಅಂತ ರೈತರ ಸಂಕಟ ನನಗ ಗೊತ್ತೈತಿ, ನಾನೂ ರೈತನ ಮಗಾನ. ಅದಕ್ಕ ಅರಣ್ಯ ಇಲಾಖೆಗೆ ಅರ್ಜಿ ಕೊಡಬೇಕು, ಬಿಲ್ಲು ಎತ್ತೂದಲ್ಲ.

ಬ್ಲೇಡಿನ ಮೊನಿ ಮನ್ಯಾಗ ಇಡಬ್ಯಾಡ್ರಿ ಅಂತನೂ ನನ್ನ ವಿನಂತಿ. ಗುರಿಗೆ ಅದರ ಕೆಲಸ ಇಲ್ಲ, ಹುಡುಗ್ರ ಕೈಗೆ ಸಿಕ್ರ ಬೆರಳು ಹೋಗತಾವ.

ಮುಂಜಾನೆ ಬಿಸಿಲು ಬೀಳೂ ಹೊತ್ತಿಗೆ ಚಿಗರಿ ಹಿಂಡು ಜಿಗಿಯೂದು ಒಮ್ಮೆ ಬಂದು ನೋಡ್ರಿ, ನಾ ಕರಕೊಂಡು ಹೋಗ್ತೀನಿ.

ಸಾಧನಕೇರಿ_ಬಾಣ

ಸರ್, ಒಪ್ಪಿದೆ. ನನ್ನ ಮನಸ್ಸಿನ್ಯಾಗ ಬ್ಯಾಟಿ ಯಾವತ್ತೂ ಇರಲಿಲ್ಲ, ಆದ್ರ ವಿಡಿಯೋ ನೋಡಿ ನೋಡಿ 50 ಅಂತ ತಲ್ಯಾಗ ಕುಂತಬಿಟ್ಟಿತ್ತು, ಆ ತೂಕ ಎಲ್ಲಿಂದ ಬಂತು ಅಂತ ಈಗ ತಿಳೀತು. ಅಕ್ಕಾರ, ನನ್ನ ಡ್ರಾ 29 ಇರಬೇಕು ಅನಸತೈತಿ, ಎತ್ತರ ಐದು ಅಡಿ ಎಂಟು. ಆದ್ರೂ ನೀವು ಹೇಳಿದಂಗ ಅಳಿಸ್ಕೊತೀನಿ. ಈಗ ಕಟ್ಟಿಗಿ ವಿಚಾರ ಕೇಳ್ತೀನಿ. ಲಿಂಬಿನ ಒಳಗ ಒಬ್ಬರು ಬಿದಿರಿನ ಕೋರ್ (ನಡವಿನ ಪದರ) ಛಲೋ ಅಂತಾರ, ಒಬ್ಬರು ಮೇಪಲ್, ಒಬ್ಬರು ಕಾರ್ಬನ್ ಇಲ್ಲಾಂದ್ರ ದಂಡ ಅಂತಾರ. ಬಡಿಗೇರ ಕಾಕಾ ಇದ್ರ ತುಸು ಹೇಳ್ರಿ.

ಬೆಟಗೇರಿ_ಬಡಿಗೇರ

ಇದ್ದೀನಪಾ. ಸಂಜಿಕ ಅಂಗಡಿ ಬಾಗಲಾ ಹಾಕಿ ಬರಿಯಾಕತ್ತೀನಿ. ನಾ ಬಿಲ್ಲು ಮಾರೂ ಮನಷ್ಯಾ ಅಲ್ಲ, ಬಾಗಲಾ ಚೌಕಟ್ಟು ಮಾಡಂವ. ಆದ್ರ ಹನ್ನೆರಡು ಬಿಲ್ಲು ನನ್ನ ಕೈಲೆ ಮಾಡೇನಿ, ಅದರಾಗ ನಾಲ್ಕು ಮುರದಾವ. ಮುರದ ಬಿಲ್ಲು ಕಲಿಸಿದ್ದು ಯಾವ ಪುಸ್ತಕಾನೂ ಕಲಿಸಿಲ್ಲ.

ಲಿಂಬ್ ಅಂದ್ರ ಮಂಡಿಗಿ ಇದ್ದಂಗ, ಪದರ ಮ್ಯಾಲ ಪದರ. ಹೊಟ್ಟಿ ಕಡೆ ಒಂದು ಫೈಬರ್‌ಗ್ಲಾಸ್ ಪಟ್ಟಿ, ಬೆನ್ನು ಕಡೆ ಒಂದು, ನಡಕ ತೆಳ್ಳನ್ನ ಕಟ್ಟಿಗಿ. ಬಿಲ್ಲು ಎಳದಾಗ ಬೆನ್ನಿನ ಪದರ ಹಿಗ್ಗತೈತಿ, ಹೊಟ್ಟಿ ಪದರ ಕುಗ್ಗತೈತಿ, ದೊಡ್ಡ ಜಗ್ಗಾಟ ಎಲ್ಲಾ ಹೊರಗಿನ ಎರಡು ಪದರದ ಮ್ಯಾಲ. ನಡವಿನ ಕಟ್ಟಿಗಿ ಆ ಎರಡೂ ಪದರ ದೂರ ಹಿಡಕೊಂಡು, ಒಂದರ ಮ್ಯಾಲೊಂದು ಜಾರದಂಗ ನೋಡ್ಕೊತೈತಿ. ಅದಕ್ಕ ಮೇಪಲ್ಲೋ ಬಿದಿರೋ ಅಂತ ಜಗಳಾಡೂದು ಭಾಳ ಸಣ್ಣ ವಿಷಯ. ಬಿದಿರು ಒಂದೀಟು ಹಗರ, ನಾರು ನೆಟ್ಟಗ, ನನಗ ಇಷ್ಟ. ಆದ್ರ ಅದರಿಂದ ಬಾಣ ಹಾರಿ ಬೆಳಗಾವಿ ಮುಟ್ಟೂದಿಲ್ಲ. ಕಾರ್ಬನ್ ಹಾಕಿದ್ರ ಲಿಂಬ್ ತಿರುಚೂದು ಕಡಿಮಿ ಆಗತೈತಿ, ಅದು ಖರೇ, ಕೊಂಕಿ ಭಾಳ ಇರೂ ಲಿಂಬಿಗೆ ಅದು ಬೇಕಾಗತೈತಿ. ಸಾದಾ ಕೊಂಕಿ ಲಿಂಬಿಗೆ ಗ್ಲಾಸ್ ಸಾಕು.

ನೀವು ನೋಡಬೇಕಾದ್ದು ಅಂಟು. ಪದರ ಅಂಟಿಸೂದು ಎಪಾಕ್ಸಿಲೆ, ಬಿಸಿ ಪೆಟ್ಟಿಗ್ಯಾಗ ಇಟ್ಟು ಗಟ್ಟಿ ಮಾಡ್ತಾರ. ನಮ್ಮ ಕಡೆ ಏಪ್ರಿಲ್ ಮೇ ತಿಂಗಳದಾಗ ಬಿಸಲಾಗ ನಿಲ್ಲಿಸಿದ ಕಾರಿನ ಒಳಗ 60 ಡಿಗ್ರಿ ಮುಟ್ಟತೈತಿ, ಅಷ್ಟು ಕಾವಿಗೆ ಅಂಟು ಸಡಲಾಗತೈತಿ. ನನ್ನ ಐದನೇ ಬಿಲ್ಲು ಹಂಗ ಹೋತು. ಮುಂಡರಗಿ ಲಗ್ನಕ್ಕ ಹೋಗಿದ್ದೆ, ಡಿಕ್ಕಿಯಾಗ ಬಿಲ್ಲಿತ್ತು, ಹೆದಿನೂ ಇಳಿಸಿರಲಿಲ್ಲ. ಸಂಜಿಕ ತಗದು ನೋಡಿದ್ರ ಕೆಳಗಿನ ಲಿಂಬಿನ ತುದಿಗೆ ಕೂದಲ ಎಳಿ ಅಷ್ಟು ಬಿಳಿ ಗೆರಿ. ಉಗುರಿಲೆ ಬಡದ್ರ ಉಳಿದ ಕಡೆ ಟಣ್ ಅಂತಿತ್ತು, ಆ ಗೆರಿ ಮ್ಯಾಲ ಮಾತ್ರ ಒಡದ ಗಡಿಗಿ ಬಡದಂಗ ಪೊಳ್ಳು ಸಪ್ಪಳ. ಒಳಗ ಪದರ ಬಿಟ್ಟಿತ್ತು. ಆವತ್ತಿನಿಂದ ಯಾರ ಬಿಲ್ಲು ಕೈಗೆ ಕೊಟ್ರೂ ನಾ ಮೊದಲ ಉಗುರಿಲೆ ಬಡದು ಕಿವಿ ಕೊಡ್ತೀನಿ. ಹಳೇ ಬಿಲ್ಲು ತಗೊಳ್ಳೂವಾಗ ನೀವೂ ಹಂಗ ಮಾಡ್ರಿ.

ರೈಸರಿಗೆ ಬೀಟಿ ಕಟ್ಟಿಗಿ ಭಾಳ ಛಂದ, ಭಾರ, ಪಾಲಿಶ್ ಕುಂತ್ರ ಕನ್ನಡಿ. ಆದ್ರ ಕಾಗದಪತ್ರ ಇರೂ ಕಡೆಯಿಂದನ ತಗೋರಿ, ಸುಮ್ನ ಯಾರೋ ಕೊಟ್ರು ಅಂತ ಬೀಟಿ ತುಂಡು ತಂದ್ರ ಅರಣ್ಯದವರ ಕೈಯಾಗ ಸಿಗಬೀಳ್ತೀರಿ.

ಹಾವೇರಿ_ಹುಡುಗ

ನಂದು ಸಣ್ಣ ಪ್ರಶ್ನೆ. ನಾ ಇನ್ನೂ ಶುರು ಮಾಡಿಲ್ಲ. ಮುಂದ ಹೆಂಗೂ ಕಸ್ಟಮ್ ತಗೊಳ್ಳೂದು ಇದ್ರ ಈಗ್ಯಾ ನೇರ ಅದನ್ನ ತಗೊಂಡ್ರ ನಡಿಯೂದಿಲ್ಲೇನ್ರಿ? ಎರಡು ಸಲ ಖರ್ಚು ಯಾಕ?

ಉಣಕಲ್_ಅಕ್ಕ

ಬ್ಯಾಡಪಾ. ಮೊದಲ ವರ್ಷ ಮೈ ಬದಲಾಗ್ತದ, ಭುಜ ಬಿಚ್ಚಿದಂಗ ಡ್ರಾ ಒಂದು ಇಂಚಿನ ತನಕ ಉದ್ದ ಆಗ್ತದ, ಬೆರಳು ಎಲ್ಲಿ ಇಡಬೇಕು ಅನ್ನೂದೂ ಬದಲಾಗ್ತದ. 25 ಪೌಂಡಿನ ಬಿಚ್ಚೂ ಬಿಲ್ಲು ತಗೋ, ಭಾಳ ಅಂದ್ರ 30. ಲಿಂಬ್ ಮಾತ್ರ ಬದಲಿ ಮಾಡ್ಕೋತ ಹೋಗು. ಭಾರದ ಬಿಲ್ಲಿನಿಂದ ಶುರು ಮಾಡಿದ ಮಕ್ಕಳು ಬಾಣ ಬಿಡೂ ಹೊತ್ತಿಗೆ ನಡಗೂದು, ಗುರಿಗೆ ಬರೂಕಿಂತ ಮೊದಲ ಬಿಟ್ಟುಬಿಡೂದು, ಇದು ಒಮ್ಮೆ ಮೈಗೆ ಹತ್ತಿದ್ರ ಬಿಡಸ್ಲಿಕ್ಕೆ ಎರಡು ವರ್ಷ ಹಿಡೀತದ. ಹೆದಿ ಏರಸ್ಲಿಕ್ಕೆ ಸ್ಟ್ರಿಂಗರ್ ಹಗ್ಗ ತಗೋ, ಕಾಲಾಗ ಸಿಗಿಸಿ ಬಗ್ಗಸಬ್ಯಾಡ, ಲಿಂಬ್ ತಿರುಚ್ತದ.

ಲಕ್ಷ್ಮೇಶ್ವರ_ಬತ್ತಳಿಕಿ

ನಂದೊಂದು ಅನುಭವ ಹೇಳ್ಬೇಕು, ಸಾಧನಕೇರಿ ಅಣ್ಣಾರಿಗೆ ಉಪಯೋಗ ಆಗಬಹುದು. ನಾ ಒಂದು ಕಸ್ಟಮ್ ಬಿಲ್ಲು ಮಾಡಿಸಿದ್ದೆ, ಯಾರ ಹತ್ರ ಅಂತ ಹೇಳೂದಿಲ್ಲ, ಪರದೇಶದ ಒಬ್ಬ ಮಾಡೂ ಮನಷ್ಯಾ. ಹತ್ತು ತಿಂಗಳು ಕಾದೆ. ಬಿಲ್ಲು ಬಂತು, ಛಂದ ಅಂದ್ರ ಛಂದ, ನಮ್ಮ ಅವ್ವ ಅದಕ್ಕ ಕುಂಕುಮ ಹಚ್ಚಿ ಆರತಿ ಮಾಡಿದ್ಲು. ಆದ್ರ ಬಾಣ ಒಂದೂ ನೆಟ್ಟಗ ಹೋಗವಲ್ದು, ಹಿಂದಿನ ತುದಿ ಮ್ಯಾಲ ಕೆಳಗ ಕುಣಕೋತ ಹೋಗೂದು. ಸ್ಪೈನ್ (ಬಾಣದ ಬಿರುಸು) ತಪ್ಪಿರಬೇಕು ಅಂತ ಮೂರು ಥರದ ಬಾಣ ತರಿಸಿದೆ, ನಾಕ್ ಪಾಯಿಂಟ್ (ಹೆದಿ ಮ್ಯಾಲ ಬಾಣ ಕೂಡೂ ಜಾಗಾ) ಏರಿಸಿದೆ ಇಳಿಸಿದೆ. ಕಡೀಕ ಟಿಲ್ಲರ್ ಅಳದು ನೋಡಿದ್ರ ಕೆಳಗಿನ ಲಿಂಬ್ ಭಾಳ ಬಿರುಸು, ಮ್ಯಾಲಿಂದು ಮೆತ್ತಗ. ನಾ ಮೂರೂ ಬೆರಳು ಬಾಣದ ಕೆಳಗ ಇಟ್ಟು ಎಳಿಯಂವ. ಅವರು ಒಂದು ಬೆರಳು ಮ್ಯಾಲ ಎರಡು ಕೆಳಗ ಇಡೂರಿಗೆ ಕೂಡ್ಸಿ ಕೊಟ್ಟಾರ. ಆರ್ಡರ್ ಮಾಡೂವಾಗ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ವಾಪಸ್ ಕಳಸಬೇಕಂದ್ರ ಹೋಗಿ ಬರೂ ಖರ್ಚು ಒಂದು ಹೊಸಾ ಬಿಲ್ಲಿಂದು. ಆರು ತಿಂಗಳು ಗ್ವಾಡಿಗೆ ತೂಗಹಾಕಿದ್ದೆ, ಅದನ್ನ ನೋಡಿದಾಗೆಲ್ಲ ಹೊಟ್ಟಿ ಉರಿತಿತ್ತು.

ಉಣಕಲ್_ಅಕ್ಕ

ಇದು ಎಲ್ಲಾರೂ ಎರಡೆರಡು ಸಲ ಓದಬೇಕಾದ ಮಾತು. ಟಿಲ್ಲರ್ ಅಂದ್ರ, ಹೆದಿ ಏರಿಸಿದ ಬಿಲ್ಲಿನ್ಯಾಗ ಹೆದಿಯಿಂದ ಮ್ಯಾಲಿನ ಲಿಂಬಿನ ಬುಡಕ್ಕ ಎಷ್ಟು ಅಂತರ, ಕೆಳಗಿನ ಲಿಂಬಿನ ಬುಡಕ್ಕ ಎಷ್ಟು ಅಂತರ, ಅವೆರಡರ ಫರಕು. ಬೆರಳು ಬಾಣದ ಮ್ಯಾಲೊಂದು ಕೆಳಗೆರಡು ಇಡೂರಿಗೆ ಮ್ಯಾಲಿನ ಅಂತರ ಒಂದೆಂಟಾಂಶದಿಂದ ಕಾಲು ಇಂಚು ಜಾಸ್ತಿ ಇಡ್ತಾರ. ಮೂರೂ ಬೆರಳು ಕೆಳಗ ಇಡೂರಿಗೆ ಹೆಚ್ಚುಕಮ್ಮಿ ಸಮಾ. ಯಾಕಂದ್ರ ನಿಮ್ಮ ಕೈ ಜಗ್ಗೂ ಜಾಗಾ ಕೆಳಗ ಸರಿದಂಗ ಕೆಳಗಿನ ಲಿಂಬಿನ ಮ್ಯಾಲ ಭಾರ ಬೀಳ್ತದ, ಎರಡೂ ಲಿಂಬ್ ಒಂದ ಹೊತ್ತಿಗೆ ವಾಪಸ್ ಬರಬೇಕು. ಒಂದ ತುಂಡಿನ ಬಿಲ್ಲಿನ್ಯಾಗ ಇದು ಕೆತ್ತೂವಾಗನ ಪಕ್ಕಾ ಆಗಿ ಹೋಗ್ತದ, ಆಮ್ಯಾಲ ನೀವು ಏನೂ ಮಾಡ್ಲಿಕ್ಕೆ ಬರೂದಿಲ್ಲ. ಐಎಲ್‌ಎಫ್ ರೈಸರಿನ್ಯಾಗ ಬೋಲ್ಟ್ ಐತಲ್ಲ, ಅರ್ಧ ಸುತ್ತು ತಿರಗಿಸಿದ್ರ ಕೆಲಸ ಮುಗೀತು. ನಾ ಐಎಲ್‌ಎಫ್ ಕಡೆ ವಾಲೂದು ಇದ ಕಾರಣಕ್ಕ.

ಗೋಕುಲರೋಡ್_ಎಂಜಿನಿಯರ್

ಅಕ್ಕಾರ, ಅರ್ಧ ಒಪ್ತೀನಿ. ನನ್ನ ಹತ್ರ 58 ಇಂಚಿನ ಒಂದ ತುಂಡಿನ ಬಿಲ್ಲು ಐತಿ. ಹಗರ, ಒಂದು ಕೆಜಿ ಒಳಗ, ಎಲ್ಲೂ ಜೋಡು ಇಲ್ಲ ಬೋಲ್ಟ್ ಇಲ್ಲ, ಬಾಣ ಬಿಟ್ಟಾಗ ಹಲಸಿನ ಹಣ್ಣು ಹುಲ್ಲಿನ ಮ್ಯಾಲ ಬಿದ್ದಂಗ ಧಪ್ ಅನ್ನೂ ಒಂದ ಸಪ್ಪಳ. ಲೋಹದ ರೈಸರಿನ್ಯಾಗ ಅದು ಸಿಗೂದಿಲ್ಲ. ಕೈಗೂ ಬಿಲ್ಲಿಗೂ ಒಂದು ಸಂಬಂಧ ಬೆಳೀತೈತಿ, ಅದನ್ನ ಲೆಕ್ಕದಾಗ ಹೇಳಾಕ ಬರೂದಿಲ್ಲ. ಆದ್ರ ಉದ್ದ ಕಡಿಮಿ ಇದ್ರ ಹೆದಿ ಮೂಲಿ ಚೂಪಾಗಿ ಬೆರಳು ಹಿಸಕತೈತಿ, ಅದೂ ಖರೇ.

ವೇಗದ ಮಾತು ಬಿಡ್ರಿ. ಒಂದ ತೂಕದ, ಒಂದ ಉದ್ದದ ಛಲೋ ಬಿಲ್ಲುಗಳ ನಡುವ ಫರಕು ಸೆಕೆಂಡಿಗೆ ಕೆಲವು ಅಡಿ ಅಷ್ಟ, ಅದಕ್ಕಿಂತ ನಿಮ್ಮ ಬಿಡೂ ಕೈ ಕೆಟ್ಟಾಗ ಹೋಗೂ ವೇಗ ಜಾಸ್ತಿ. ಹೆದಿ ಮಾತ್ರ ನೋಡ್ರಿ. ಹಳೇ ಬಿಲ್ಲಿಗೆ ಡ್ಯಾಕ್ರಾನ್ ಹೆದಿನ ಹಾಕಬೇಕು, ಅದು ತುಸು ಹಿಗ್ಗಿ ಪೆಟ್ಟು ತಡಕೊತೈತಿ. ಹೊಸಾ ಡೈನೀಮಾ ಹೆದಿ ಹಿಗ್ಗೂದಿಲ್ಲ, ಬಲಪಡಿಸದ ತುದಿ ಇದ್ರ ಅದನ್ನ ಒಡದು ಹಾಕತೈತಿ.

ಬೆಟಗೇರಿ_ಬಡಿಗೇರ

ಎಲ್ಲಾರೂ ಬರೇ ಬರದ್ರ ಮುಗಿಯೂದಿಲ್ಲ. ಈ ರವಿವಾರ ನಮ್ಮ ಹೊಲಕ್ಕ ಬರ್ರಿ, ಜ್ವಾಳದ ಕಣಕಿ ಬಣವಿ ಮುಂದ ಗೋಣಿಚೀಲ ಕಟ್ಟಿ ಇಡ್ತೀನಿ. ಎಲ್ಲಾರ ಬಿಲ್ಲೂ ತರ್ರಿ. ತಕ್ಕಡಿ ನನ್ನ ಹತ್ರ ಐತಿ. ರೊಟ್ಟಿ, ಶೇಂಗಾ ಚಟ್ನಿ ಮನ್ಯಾಗ ಮಾಡ್ತಾರ.

ಸಾಧನಕೇರಿ_ಬಾಣ

ನಿನ್ನೆ ಹೋಗಿ ಬಂದೆ, ಅಕ್ಕಾರೂ ಬಂದಿದ್ರು, ಗೋಕುಲ ರೋಡಿನ ಅಣ್ಣಾರೂ, ಲಕ್ಷ್ಮೇಶ್ವರದ ತಮ್ಮನೂ. ರಾತ್ರಿ ನಿದ್ದಿ ಬರವಲ್ದು, ಅದಕ್ಕ ಪೂರಾ ಬರೀತೀನಿ.

ಮೊದಲ ನನ್ನ ಅಳತಿ. ಅಕ್ಕಾರು ಬಾಜೂಕ ನಿಂತು ಬಾಣದ ಮ್ಯಾಲ ಗುರ್ತು ಹಾಕಿದ್ರು. ಟೇಪ್ ಹಿಡದು ನೋಡಿದ್ರ, ಒಂದೂ ಮುಕ್ಕಾಲು ಕೂಡಿಸಿ 27 ಇಂಚು. ನಾ ನಂಬಲಿಲ್ಲ, ಎಳದು ಎಳದು ಎದಿ ಉಬ್ಬಿಸಿ 28 ಮಾಡಿದೆ. ಅವರು ಏನೂ ಅನ್ನಲಿಲ್ಲ, ಬರೇ 40 ಬಾಣ ಹೊಡಿ ಅಂದ್ರು. ಹೊಡದ ಮ್ಯಾಲ ಮತ್ತ ಅಳದ್ರ 27ಕ್ಕಿಂತ ಒಂದು ಎಳ್ಳು ಕಾಳಿನಷ್ಟು ಕಡಿಮಿ. ಇಷ್ಟು ದಿನ ನಾ 35 ಪೌಂಡ್ ಹೊಡಿತೀನಿ ಅಂತ ಎಲ್ಲಾರಿಗೂ ಹೇಳ್ಕೋತ ಬಂದಿದ್ದೆ, ತಕ್ಕಡಿಗೆ ಹಾಕಿ 27ಕ್ಕ ಎಳದ್ರ 15 ಕೆಜಿ, ಅಂದ್ರ 33 ಪೌಂಡ್.

ಆಮ್ಯಾಲ ತಕ್ಕಡಿ ಕೆಲಸ. ಕಾಕಾ ಬೇವಿನ ಮರದ ಟೊಂಗಿಗೆ ಬ್ಯಾಗ್ ತೂಗೂ ಡಿಜಿಟಲ್ ತಕ್ಕಡಿ ಕಟ್ಟಿದ್ರು, ಅದರ ಕೊಂಡಿಗೆ ಹೆದಿ ಸಿಗಿಸಿ, ಗ್ರಿಪ್ಪಿಗೆ ಎರಡೂ ಕೈ ಕೊಟ್ಟು ಕೆಳಗ ಜಗ್ಗೂದು, ಬಾಜೂಕ ಒಬ್ಬರು ಟೇಪ್ ಹಿಡದು ಇಂಚು ಕೂಗೂದು. ಎರಡು ಬಿಲ್ಲು, ಎರಡರ ಮ್ಯಾಲೂ 28ಕ್ಕ 45 ಅಂತನ ಬರದೈತಿ. 58 ಇಂಚಿನ ಒಂದ ತುಂಡಿಂದು 26ಕ್ಕ 18.1 ಕೆಜಿ, 27ಕ್ಕ 19.3, 28ಕ್ಕ 20.4, ಇಲ್ಲೀ ತನಕ ಎರಡೂ ಅಣ್ಣ ತಮ್ಮ ಇದ್ದಂಗ. 29ಕ್ಕ ಗಿಡ್ಡ ಬಿಲ್ಲು 22 ತೋರಿಸ್ತು, 30ಕ್ಕ 24. 62 ಇಂಚಿನ ಮೂರು ತುಂಡಿಂದು 29ಕ್ಕ 21.5, 30ಕ್ಕ 22.7. ಕಡೀ ಎರಡು ಇಂಚಿನ್ಯಾಗ ಗಿಡ್ಡ ಬಿಲ್ಲು ಗ್ವಾಡಿ ಬಡದಂಗ ಬಿರುಸಾಗತೈತಿ. ಇದಕ್ಕ ಸ್ಟ್ಯಾಕಿಂಗ್ ಅಂತಾರ ಅಂತ ಎಷ್ಟೋ ಸಲ ಓದಿದ್ದೆ, ನಿನ್ನೆ ಅಂಗೈಗೆ ಗೊತ್ತಾತು. ನನ್ನ 27ಕ್ಕ ಅದರ ತ್ರಾಸಿಲ್ಲ, 29, 30 ಎಳಿಯೂ ಎತ್ತರದ ಮಂದಿಗೆ ಗಿಡ್ಡ ಬಿಲ್ಲು ಬ್ಯಾಡ.

ಹೊಡದು ನೋಡಿದ್ದು 20 ಮೀಟರಿಂದ. 45ರ ಬಿಲ್ಲು ನನ್ನ ಕೈಯಾಗ 42.5. ಮೊದಲಿನ ಹನ್ನೆರಡು ಬಾಣ ಊಟದ ತಾಟಿನ ಒಳಗ ಬಿದ್ವು, ಖುಷಿ ಆತು. ಮೂವತ್ತರ ಮ್ಯಾಲ ಎಡಗೈ ಇಳಿಯಾಕ ಹತ್ತಿ ಬಾಣ ಕೆಳಗ ಕೆಳಗ, ಅಕ್ಕಾರು ಅಂದ್ರು ನೀ ಈಗ ಬಾಯಿ ಮೂಲಿ ಮುಟ್ಟವಲ್ಲಿ, ಒಂದು ಇಂಚು ಮೊದಲ ಬಿಡಾಕತ್ತಿ ಅಂತ. 50 ತಗೊಂಡಿದ್ರ ಏನಾಗ್ತಿತ್ತು ಅಂತ ಲೆಕ್ಕ ಹಾಕಿದೆ.

ಇನ್ನೊಂದು. ಲಕ್ಷ್ಮೇಶ್ವರದ ತಮ್ಮನ ಆ ಗ್ವಾಡಿಗೆ ತೂಗಿದ ಬಿಲ್ಲು ಅಕ್ಕಾರು ಕೈಯಾಗ ಹಿಡದು, ಬೆರಳು ಒಂದು ಮ್ಯಾಲ ಎರಡು ಕೆಳಗ ಇಟ್ಟು ಆರು ಬಾಣ ಬಿಟ್ರು. ಆರೂ ಗೆರಿ ಹೊಡದಂಗ ನೆಟ್ಟಗ. ತಮ್ಮ ಸುಮ್ನ ನಿಂತು ನೋಡಿದ, ಆಮ್ಯಾಲ ಕಣ್ಣು ಒರಸ್ಕೊಂಡ. ಬಿಲ್ಲು ಕೆಟ್ಟಿರಲಿಲ್ಲ.

ಲಕ್ಷ್ಮೇಶ್ವರ_ಬತ್ತಳಿಕಿ

ಹೌದ್ರಿ. ಇವತ್ತ ಮುಂಜಾನೆ ಎದ್ದು ಒಂದು ಬೆರಳು ಮ್ಯಾಲ ಇಟ್ಟು 30 ಬಾಣ ಹೊಡದೆ. ಗುರಿ ಎಲ್ಲಾ ಮ್ಯಾಲ ಕೆಳಗ ಆಗೈತಿ, ಹೊಸದಾಗಿ ಕಲೀಬೇಕು, ಆದ್ರ ಬಾಣ ಕುಣಿಯೂದು ನಿಂತೈತಿ. ಅಕ್ಕಾರಿಗೆ ಎಷ್ಟು ಹೇಳಿದ್ರೂ ಕಡಿಮಿ.

ಗೋಕುಲರೋಡ್_ಎಂಜಿನಿಯರ್

ಸಾಧನಕೇರಿ ಅವರ, ಐಎಲ್‌ಎಫ್ ಕಡೆ ಹೋದ್ರ ಒಂದು ಮಾತು ನೆನಪಿಡ್ರಿ, ಭಾಳ ಮಂದಿ ಇಲ್ಲೇ ಎಡವ್ತಾರ. ಲಿಂಬಿನ ಮ್ಯಾಲಿನ ತೂಕ ಹೆಚ್ಚಾಗಿ 25 ಇಂಚಿನ ರೈಸರಿಗೆ ಬರದಿರ್ತಾರ. ರೈಸರ್ ಗಿಡ್ಡ ಆದಂಗ ತೂಕ ಏರತೈತಿ, ಸುಮಾರು ಒಂದು ಇಂಚಿಗೆ ಒಂದು ಪೌಂಡ್. 36 ಅಂತ ಬರದ ಲಿಂಬ್ 19 ಇಂಚಿನ ರೈಸರಿಗೆ ಹಾಕಿದ್ರ 28ಕ್ಕ 42 ಹತ್ರ ಬರತೈತಿ, ನಿಮ್ಮ 27ಕ್ಕ ಹೆಚ್ಚುಕಮ್ಮಿ 40. 19ರ ರೈಸರ್, ಮೀಡಿಯಂ ಲಿಂಬ್, ಒಟ್ಟು 62 ಇಂಚು, ಈಗಿನ ಬಿಲ್ಲಿನಷ್ಟ ಉದ್ದ. ಬೋಲ್ಟ್ ಸಡಲ ಮಾಡಿದ್ರ ಹತ್ತು ಪರ್ಸೆಂಟ್ ತನಕ ಇಳಿಸಬಹುದು. ಬಾಣಕ್ಕ 600 ಸ್ಪೈನಿನ ಕಾರ್ಬನ್ ತುಸು ಉದ್ದ ಇಟ್ಟು ಶುರು ಮಾಡ್ರಿ, ಮುಂದಿನ ಮೊನಿ 125 ಗ್ರೇನ್, ಗರಿ ಇಲ್ಲದ ಬಾಣ ಬಿಟ್ಟು ನೋಡ್ಕೋತ ಒಂದೊಂದು ಕಾಲಿಂಚು ಕತ್ತರಸ್ರಿ. ಮೊದಲ ಕತ್ತರಿಸಿದ್ರ ಮತ್ತ ಉದ್ದ ಆಗೂದಿಲ್ಲ.

ಸಾಧನಕೇರಿ_ಬಾಣ

ಹಂಗಾದ್ರ ನನ್ನ ಲೆಕ್ಕ ಕೇಳ್ರಿ. ಕಸ್ಟಮ್ ರೊಕ್ಕ ಪೂರಾ ರೈಸರಿಗೆ ಹಾಕ್ತೀನಿ, ಕಟ್ಟಿಗಿ ಐಎಲ್‌ಎಫ್, 19 ಇಂಚು, ಗ್ರಿಪ್ ನನ್ನ ಕೈ ಅಳತಿಗೆ, ಬಾಣ ಕೂಡೂ ಶೆಲ್ಫ್ ನಡು ಗೆರಿ ದಾಟಿ ತುಸು ಒಳಗ ಕೊಯ್ದಿರಬೇಕು, ಅಂದ್ರ ಬ್ಯಾರೆ ಬ್ಯಾರೆ ಸ್ಪೈನಿಗೆ ಹೊಂದಿಸಾಕ ಬರತೈತಿ. ಲಿಂಬ್ ಸಾದಾ ಗ್ಲಾಸ್ ಮತ್ತ ಕಟ್ಟಿಗಿ ಕೋರ್, 36ರ ಒಂದು ಜೋಡಿ. ಫಾರ್ಮಿನ್ಯಾಗ 27 ಇಂಚು, ಮೂರೂ ಬೆರಳು ಕೆಳಗ ಅಂತ ದಪ್ಪ ಅಕ್ಷರದಾಗ ಬರೀತೀನಿ. ಒಂದ ತುಂಡಿನ ಬಿಲ್ಲಿನ ಆಸೆ ಹೋಗಿಲ್ರಿ, ಅಣ್ಣಾರ ಬಿಲ್ಲಿನ ಧಪ್ ಸಪ್ಪಳ ಇನ್ನೂ ಕಿವ್ಯಾಗೈತಿ, ಆದ್ರ ಅದು ನನ್ನ ಕೈ ಪೂರಾ ನಿಂತ ಮ್ಯಾಲ.

ಗ್ರಿಪ್ಪಿಂದು ಒಂದು ತಲಿನೋವು ಉಳದೈತಿ. ಅವರು ಕೈ ಗೆರಿ ಹೊಡದು ಕಳಸು ಅಂತಾರ, ಕಾಗದದ ಮ್ಯಾಲ ಕೈ ಇಟ್ಟು ಗೆರಿ ಹೊಡದ್ರ ಹೆಬ್ಬಟ್ಟಿನ ಬುಡದ ದಪ್ಪ ಎಲ್ಲಿ ತಿಳೀತೈತಿ?

ಬೆಟಗೇರಿ_ಬಡಿಗೇರ

ಅದಕ್ಕ ಉಪಾಯ ಐತಿ. ನಿನ್ನ ಹಳೇ ರೈಸರಿನ ಗ್ರಿಪ್ಪಿಗೆ ತೆಳ್ಳನ್ನ ಪ್ಲಾಸ್ಟಿಕ್ ಹಾಳಿ ಸುತ್ತು, ಅದರ ಮ್ಯಾಲ ಎಂ-ಸೀಲ್ ಕಲಸಿ ಮೆತ್ತು, ಹೆದಿ ಏರಿಸಿ ಅರ್ಧ ಎಳದು ಹಿಡಕೋ, ಕೈ ತಾನ ಎಲ್ಲಿ ಕೂಡತೈತಿ ಅಲ್ಲಿ ಕೂಡಲಿ, ಒತ್ತಬ್ಯಾಡ. ಆಮ್ಯಾಲ ಮೆಲ್ಲಕ ಹೆದಿ ಬಿಟ್ಟು ಕೊಡು, ಬಾಣ ಇಲ್ಲದ ಹೆದಿ ಕೈ ಜಾರಿಸಿಗೀರಿಸಿ ಬಿಡಬ್ಯಾಡ ಮತ್ತ, ಲಿಂಬ್ ಹೋಗತಾವ. ಅದು ಒಣಗಿದ ಮ್ಯಾಲ ನನ್ನ ಹತ್ರ ತಗೊಂಡು ಬಾ, ಉಜ್ಜಿ ಸಾಪ ಮಾಡಿ ಒಂದು ವಾರ ಅದರ ಮ್ಯಾಲನ ಹೊಡಿಯೂವಂತಿ. ಕೈಗೆ ಒಪ್ಪಿದ್ರ ಅದರ ಅಚ್ಚಿಗೆ ಸರಿಯಾಗಿ ಸಾಗವಾನಿ ತುಂಡಿನ್ಯಾಗ ಮಾದರಿ ಕೆತ್ತಿ ಕೊಡ್ತೀನಿ, ಅದನ್ನ ಪಾರ್ಸಲ್ ಮಾಡು.

ಸಾಧನಕೇರಿ_ಬಾಣ

ಕಾಕಾ, ಬುಧವಾರ ಸಂತಿ ಇಲ್ಲಲ್ಲ ನಿಮ್ಮ ಕಡೆ? ಅಂಗಡಿ ಖಾಲಿ ಇರೂ ಹೊತ್ತು ನೋಡಿ ಹೇಳ್ರಿ, ಎಂ-ಸೀಲ್ ನಾನ ತರ್ತೀನಿ.